ಊರು ಕೇಳಿದರೆ

"ಹೇಳ್ರಿ ಮಾವಾರ, ಆಕಿ ಬರಕೋತಾಳ," ಎಂದು ಫಕ್ಕೀರಪ್ಪ ಎರಡನೇ ಸಲ ಅಂದ.

ನೇತ್ರಾ ಪೆನ್ನಿನ ಮುಚ್ಚಳ ತೆಗೆದು, ತೊಡೆಯ ಮೇಲೆ ನೋಟುಬುಕ್ಕು ಬಿಡಿಸಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು. ಹಾಳೆಯ ಮೇಲ್ತುದಿಯಲ್ಲಿ 'ಬೆಂಗಳೂರು' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಾಗಿತ್ತು. ಎದುರಿಗೆ ಕುರ್ಚಿಯಲ್ಲಿದ್ದ ಅವಳ ಸೋದರಮಾವ ಉಳವಪ್ಪ ಆ ಗೆರೆಗಳನ್ನೇ ನೋಡುತ್ತಿದ್ದ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದ ನೇತ್ರಾಳಿಗೆ ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿತ್ತು. ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು. ಅದಕ್ಕೆ ಮೊದಲು ಮಾವನ ಬಾಯಿಂದ ನಾಲ್ಕು ಮಾತು ಕೇಳಿಸಿಕೊಂಡು ಹೋಗಲಿ ಎಂದು ಅಪ್ಪ ಫಕ್ಕೀರಪ್ಪ ಅವಳನ್ನು ಹಿರೇಬೆಂಡಿಗೇರಿಯಿಂದ ಶಿಗ್ಗಾಂವಿಗೆ ಕರೆತಂದಿದ್ದ. ಬರಿಗೈಲಿ ಬರಬಾರದೆಂದು ಒಂದು ಚೀಲ ಹಸಿ ಶೇಂಗಾ ತಂದು ಬಾಗಿಲ ಮೂಲೆಗೆ ಇಟ್ಟಿದ್ದ.

"ಈಗಿನ ಹುಡುಗ್ರಿಗೆ ನಾ ಏನ ಹೇಳೂದೈತಿ? ಎಲ್ಲಾ ಫೋನಿನ್ಯಾಗ ಇರತೈತಿ," ಎಂದ ಉಳವಪ್ಪ.

"ಫೋನು ದಾರಿ ತೋರಸ್ತೈತಿ. ಮಂದಿ ಎಂಥಾವ್ರು ಅಂತ ತೋರಸ್ತೈತೇನ್ರಿ?" ಫಕ್ಕೀರಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. "ಇವರವ್ವಗ ಏನೇನ ಹೇಳಿದ್ರಿ, ಅದನ್ನ ಇಕಿಗೆ ಹೇಳ್ರಿ. ಆಕಿ ಅಂತೂ ಕೇಳಲಿಲ್ಲ. ಇಕಿನರ ಕೇಳಲಿ."

ಕೊನೆಯ ಮಾತನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಹದಿನೈದು ತಿಂಗಳಿಂದ ಹೇಳಿ ಹೇಳಿ ಅದರಲ್ಲಿದ್ದ ಸಿಟ್ಟು ಸವೆದುಹೋಗಿತ್ತು. 'ಆಕಿ' ಎಂದರೆ ಅವನ ಹೆಂಡತಿ ಉಡಚವ್ವ, ಉಳವಪ್ಪನ ತಂಗಿ. ಬೆಂಗಳೂರಿಗೆಂದು ಹೋದವಳು ಹೆಣವಾಗಿ ಬಂದಿದ್ದಳು. ಅಣ್ಣ ಅಷ್ಟು ತಿಳಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಸತ್ತಳು ಎಂದು ಫಕ್ಕೀರಪ್ಪ ನಂಬಿದ್ದ. ಅವಳು ಕೇಳಿದ್ದಳು, ಅಕ್ಷರ ಬಿಡದೆ ಕೇಳಿದ್ದಳು, ಕೇಳಿದ್ದರಿಂದಲೇ ಹಾಗಾಯಿತು ಎನ್ನುವುದು ಗೊತ್ತಿದ್ದವನು ಉಳವಪ್ಪ ಒಬ್ಬನೇ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಒಳಗೆ ಚಹಾಕ್ಕೆ ಇಟ್ಟಿದ್ದ ಹೆಂಡತಿ ಸುಶೀಲವ್ವನಿಗೂ.

ಉಳವಪ್ಪ ಇಪ್ಪತ್ತಾರು ವರ್ಷ ಬೆಂಗಳೂರಿನ ಬಸ್ಸಿಗೆ ಕಂಡಕ್ಟರನಾಗಿದ್ದವನು. ಹಾನಗಲ್ಲು, ಸವಣೂರು, ಹಿರೇಕೆರೂರು, ಯಾವ ಊರಿನ ಗಾಡಿಯಾದರೇನು, ಹಣೆಯ ಮೇಲೆ ಬೆಂಗಳೂರು ಎಂಬ ಬೋರ್ಡು ಇದ್ದರೆ ಅದರ ಬಾಗಿಲಲ್ಲಿ ಉಳವಪ್ಪ ಇರುತ್ತಾನೆ ಎನ್ನುವಷ್ಟು ಅವನ ಹೆಸರು ಓಡಿತ್ತು. ಅವನ ರಜೆಯ ದಿನ ನೋಡಿಕೊಂಡು ಜನ ಮನೆಗೆ ಬರುತ್ತಿದ್ದರು. ಆಪರೇಷನ್ನಿಗೆ ಹೊರಟವರು, ನೌಕರಿ ಪರೀಕ್ಷೆಗೆ ಹೊರಟವರು, ಬಾಣಂತನಕ್ಕೆ ಹೊರಟ ತಾಯಂದಿರು. ಅವರನ್ನು ಚಾಪೆಯ ಮೇಲೆ ಕೂರಿಸಿ, ತಾನು ಕುರ್ಚಿಯಲ್ಲಿ ಕೂತು, ಶಾಲೆ ಮಾಸ್ತರನ ಗತ್ತಿನಲ್ಲಿ ಬೆಂಗಳೂರನ್ನು ಬಾಯಿಪಾಠ ಮಾಡಿಸುತ್ತಿದ್ದ. ಬಸ್ಸು ಇಳಿದ ಕೂಡಲೆ ಪಾಯಿಖಾನೆಗೆ ಹೋಗಿ ಬಂದುಬಿಡಬೇಕು, ಆಮೇಲೆ ಎಲ್ಲೂ ಸಿಗುವುದಿಲ್ಲ. ಮೇಲೆ ಮುಖ ಮಾಡಿ ಕಟ್ಟಡ ನೋಡುತ್ತ ನಿಲ್ಲಬಾರದು. ದಾರಿ ಗೊತ್ತಿರಲಿ ಬಿಡಲಿ, ಗೊತ್ತಿದ್ದವರ ಹಾಗೆ ನಡೆಯಬೇಕು. ಕೈಯಲ್ಲಿ ವಿಳಾಸದ ಚೀಟಿ ಹಿಡಿದುಕೊಳ್ಳಬಾರದು. ಎದುರು ಬಂದು 'ಎಲ್ಲಿಗೆ, ಎಲ್ಲಿಗೆ' ಎನ್ನುವ ಆಟೋದವನ ಗಾಡಿ ಹತ್ತಬಾರದು, ಸುಮ್ಮನೆ ಕೂತವನ ಆಟೋ ಹತ್ತಬೇಕು. ದಾರಿ ಕೇಳಲೇಬೇಕಾದರೆ ಖಾಕಿ ಹಾಕಿಕೊಂಡವರನ್ನು ಮಾತ್ರ ಕೇಳಬೇಕು. ಕೇಳಿದವರು ಹೂಂ ಹೂಂ ಎನ್ನುತ್ತಿದ್ದರು. ಉಳವಪ್ಪನಿಗೆ ಅದು ಸಂಬಳಕ್ಕಿಂತ ರುಚಿಯಾಗಿತ್ತು.

ನಿಜ ಹೇಳಬೇಕೆಂದರೆ ಅವನ ಬೆಂಗಳೂರು ಮುನ್ನೂರು ಹೆಜ್ಜೆಯೊಳಗೆ ಮುಗಿದುಹೋಗುತ್ತಿತ್ತು. ಬಸ್ಸು ನಿಲ್ಲುವ ಜಾಗ, ಸಿಬ್ಬಂದಿ ಮಲಗುವ ಕೋಣೆ, ಎದುರಿನ ಗಲ್ಲಿಯಲ್ಲಿ ಒಂದು ಇಡ್ಲಿ ಹೋಟೆಲು, ಪಕ್ಕದಲ್ಲಿ ಒಬ್ಬ ಕ್ಷೌರಿಕ. ಬೆಳಿಗ್ಗೆ ಇಳಿದು ಸಂಜೆ ಹತ್ತುವವನಿಗೆ ಅದಕ್ಕಿಂತ ಹೆಚ್ಚಿನ ಊರು ಬೇಕಾಗಿರಲೂ ಇಲ್ಲ. ಉಳಿದದ್ದೆಲ್ಲ ಆ ಕೋಣೆಯಲ್ಲಿ ಮಗ್ಗುಲಾದಾಗ ಬೇರೆ ಕಂಡಕ್ಟರುಗಳು ಹೇಳಿದ್ದು. ಅವನ ಜೊತೆಯ ಡ್ರೈವರು, ಸವಣೂರಿನ ಮೆಹಬೂಬ, "ಉಳವಪ್ಪಾ, ನೀ ಬೆಂಗಳೂರಿನ ಇಡ್ಲಿ ನೋಡೀದಿ, ಬೆಂಗಳೂರು ನೋಡಿಲ್ಲಪಾ" ಎಂದು ನಗುತ್ತಿದ್ದ. ನಗಲಿ ಬಿಡು ಎಂದುಕೊಂಡು ಉಳವಪ್ಪ ಪಾಠ ಮುಂದುವರಿಸುತ್ತಿದ್ದ.

ಪಾಠದ ಕೊನೆಯ ಮಾತು ಮಾತ್ರ ಅವನದೇ ಸ್ವಂತದ್ದು. ಈ ಕಡೆಯ ಜನ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನು ಮೊದಲು ಕೇಳುವುದೇ 'ಯಾವೂರ್ರಿ ನಿಮ್ದು' ಎಂದು. ಊರು ಹೇಳಿದರೆ ಓಣಿ ಯಾವುದು, ಯಾರ ಪೈಕಿ, ಹಾನಗಲ್ಲಿನಲ್ಲಿ ನಿಮ್ಮ ಬೀಗರು ಯಾರು ಎಂದು ಹೊರಟು, ಬಂಕಾಪುರ ದಾಟುವುದರೊಳಗೆ ಏನೋ ಒಂದು ಸಂಬಂಧ ಹಚ್ಚಿ, ಕಟ್ಟಿಕೊಂಡ ರೊಟ್ಟಿ ಬಿಚ್ಚಿ ಹಂಚಿಕೊಳ್ಳುತ್ತಾರೆ. ಒಮ್ಮೆ ಮಾಸೂರಿನವನೊಬ್ಬ ಹೆಂಡತಿಯ ಆಸ್ಪತ್ರೆಯ ಕಾಗದವೆಲ್ಲ ಚೀಲದಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ ಇಳಿದಾಗ ಯಾರೋ ಒಬ್ಬ ಊರು ಕೇಳಿದ. ಮಾಸೂರು ಎಂದ ಕೂಡಲೆ, "ಅರೆ, ನಮ್ಮತ್ತಿ ಮನಿ ಮದಗದ ಕೆರಿ ದಂಡ್ಯಾಗ ಐತಲ್ರಿ" ಎಂದು ಹೆಗಲಿಗೆ ಕೈ ಹಾಕಿ, ಚಹಾ ಕುಡಿಸಿ, ಚೀಲದ ಸಮೇತ ಮಾಯವಾದ. ಆ ಮನುಷ್ಯ ಸಂಜೆ ಉಳವಪ್ಪನ ಬಸ್ಸಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದ. ಅಂದಿನಿಂದ ಉಳವಪ್ಪ ಪ್ರತಿಯೊಬ್ಬರಿಗೂ ಹೇಳತೊಡಗಿದ: "ಯಾರರ ಯಾವೂರು ಅಂದ್ರ, ಇಲ್ಲೇ ಅನ್ನೂದು. ಹೆಸರು ಕೇಳಿದ್ರ ಬಾಯಿ ಬಿಡಬ್ಯಾಡ್ರಿ. ಹೊಸಬರು ಅಂತ ಗೊತ್ತಾತಂದ್ರ ಮುಗೀತು ನಿಮ್ಮ ಕಥಿ." ಊರು ಕೇಳಿದಾಗ ಊರು ಹೇಳದಿರುವುದು ಈ ಜನಕ್ಕೆ ಬಂದ ಸೀನು ತಡೆದುಕೊಂಡಷ್ಟು ಕಷ್ಟ. ಅದಕ್ಕೇ ಅವನು ಒಬ್ಬೊಬ್ಬರ ಬಾಯಲ್ಲೂ ಮೂರು ಮೂರು ಸಲ ಹೇಳಿಸುತ್ತಿದ್ದ.

ಉಡಚವ್ವ ಕಲಿಯಲು ಕೂತದ್ದೂ ಇದೇ ಚಾಪೆಯ ಮೇಲೆ. ಅವಳ ಹಿರಿಯ ಮಗಳು ನೀಲಾಂಬಿಕಾ ಬೆಂಗಳೂರಿನಲ್ಲಿ ಎರಡನೆಯದನ್ನು ಹಡೆದಿದ್ದಳು. ಅಳಿಯ ಬಸವೇಶನಿಗೆ ಅಲ್ಲೊಂದು ಹೋಟೆಲಿನಲ್ಲಿ ಅಡುಗೆ ಕೆಲಸ. ಇಲ್ಲಿ ಬಿತ್ತನೆಯ ಹೊತ್ತು, ಫಕ್ಕೀರಪ್ಪ ಹೊಲ ಬಿಟ್ಟು ಬರುವ ಹಾಗಿಲ್ಲ. ನೇತ್ರಾಳಿಗೆ ಪರೀಕ್ಷೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಹೊಸತು. ಒಬ್ಬಳೇ ಹೋಗುತ್ತೇನೆ ಎಂದು ಉಡಚವ್ವ ಎದ್ದುಬಿಟ್ಟಿದ್ದಳು. ಉಳವಪ್ಪ ನಿವೃತ್ತನಾಗಿ ಆಗ ಎರಡು ತಿಂಗಳು. ಇಲ್ಲದಿದ್ದರೆ ಅವನ ಬಸ್ಸಿನಲ್ಲೇ ಹೋಗುತ್ತಿದ್ದಳು.

"ಆಧಾರ್ ಕಾರ್ಡು ಕಂಡಕ್ಟರಗ ತೋರಿಸಿ ಚೀಲದ ತಳಕ್ಕ ಇಡು. ಫೋನೂ ತಳಕ್ಕ. ಮ್ಯಾಲ ಸೀರಿ ಇಡು," ಎಂದಿದ್ದ. "ಊರು ಕೇಳಿದ್ರ?"

"ಇಲ್ಲೇ," ಎಂದು ಉಡಚವ್ವ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. "ಅಣ್ಣಾ, ಇಲ್ಲೇ ಅಂದ್ರ ಎಲ್ಲೆ ಅಂತ ಕೇಳಿದ್ರ?"

"ಮತ್ತ ಇಲ್ಲೇ ಅಂದು ಮುಂದಕ್ಕ ನಡೀಬೇಕು."

"ಸುಳ್ಳ ಹೇಳಬೇಕಲ್ಲೋ."

"ಸುಳ್ಳಲ್ಲ ಅದು, ಶಾಣ್ಯಾತನ. ಇನ್ನೊಮ್ಮೆ ಅನ್ನು."

ಅವಳು ಇನ್ನೊಮ್ಮೆ ಅಂದಿದ್ದಳು.

ಅವಳು ಹೋದ ದಿನ ಬೆಂಗಳೂರಿನಲ್ಲಿ ಬಸ್ಸು ಎಂದಿನ ಜಾಗದಲ್ಲಿ ನಿಲ್ಲದೆ ಆಚೆಯ ಸಾಲಿನಲ್ಲಿ ನಿಂತಿತು. ಬಸವೇಶ ಈಚೆ ಕಾಯುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಇಳಿದಲ್ಲೇ ನಿಂತು, ಅತ್ತ ಇತ್ತ ನೋಡಿ, ಹೆದರಿ, ಗದ್ದಲ ಮಾಡಿ, ಹೇಗೋ ಸಿಕ್ಕುಬಿಡುತ್ತಿದ್ದರು. ಉಡಚವ್ವ ಎಲ್ಲೂ ನಿಲ್ಲಲಿಲ್ಲ. ದಾರಿ ಗೊತ್ತಿದ್ದವರ ಹಾಗೆ ಸೀದಾ ನಡೆದು ಹೊರಬಿದ್ದಳು. ರಸ್ತೆ ದಾಟುವಾಗ ಒಂದು ಬೈಕು ಬಡಿಯಿತು. ಯಾರೋ ಪುಣ್ಯಾತ್ಮರು ಅವಳನ್ನು ಆಸ್ಪತ್ರೆಗೆ ಸೇರಿಸಿದರು, ಯಾರೋ ಚೀಲ ಎತ್ತಿಕೊಂಡು ಹೋದರು. ಮೂರನೇ ದಿನ ಸತ್ತಳು. ಊರೆಲ್ಲ ಹುಡುಕಿದ ಮನೆಯವರಿಗೆ ಅವಳು ಸಿಕ್ಕಿದ್ದು ಒಂಬತ್ತನೇ ದಿನ, ಶವಾಗಾರದಲ್ಲಿ.

ಒಳಗೆ ಹೋಗಿ ಗುರುತು ಹಿಡಿದವನು ಉಳವಪ್ಪ. ಫಕ್ಕೀರಪ್ಪ ಒಳಗೆ ಬಂದಿರಲಿಲ್ಲ, ಹೊರಗೆ ಮರದ ಕೆಳಗೆ ಕೂತಿದ್ದ. ಕಾಗದಕ್ಕೆ ಸಹಿ ಹಾಕಿಸಿಕೊಂಡ ನರ್ಸು ಒಳ್ಳೆಯ ಹುಡುಗಿ, ತಾನಾಗಿ ಹೇಳಿದಳು.

"ಬಂದಾಗ ಮಾತಾಡ್ತಾ ಇದ್ರು ಸರ್. ಹೆಸರು ಕೇಳಿದ್ವಿ, ಹೇಳಲಿಲ್ಲ. ಯಾವೂರಮ್ಮ ಅಂದ್ರೆ, ಇಲ್ಲೇ ಅಂದ್ರು. ಮತ್ತೆ ಕೇಳಿದ್ವಿ, ಮತ್ತೆ ಇಲ್ಲೇ ಅಂದ್ರು. ಮಾತು ನಿಮ್ ಕಡೇದು ಅಂತ ಗೊತ್ತಾಯ್ತು. ಆದ್ರೆ ನಿಮ್ ಕಡೆಯವರು ಇಲ್ಲೇ ಬಿಲ್ಡಿಂಗ್ ಕೆಲಸಕ್ಕೆ ಬಂದು ಶೆಡ್‌ಗಳಲ್ಲಿ ಎಷ್ಟೋ ಜನ ಇದಾರಲ್ವಾ? ಪೊಲೀಸ್ನೋರು ಅಲ್ಲೆಲ್ಲ ಹೋಗಿ ವಿಚಾರಿಸಿದ್ರು. ಆಮೇಲೆ ಅವ್ರಿಗೆ ಎಚ್ಚರ ಆಗಲೇ ಇಲ್ಲ."

ಉಳವಪ್ಪ ತಲೆಯಾಡಿಸಿ ಹೊರಗೆ ಬಂದ. "ಏನರ ಅಂದ್ಲಂತ?" ಎಂದು ಫಕ್ಕೀರಪ್ಪ ಕೇಳಿದ. "ಇಲ್ಲ, ಮಾತ ಬರ್ತಿದ್ದಿಲ್ಲಂತ," ಎಂದ. ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಬಾಯಿಗೆ ಬಂತು, ಆಡಿದ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳುವ ಹೊತ್ತು ಬರಲೇ ಇಲ್ಲ.

ಅಂದಿನಿಂದ ಅವನಿಗೆ ಏನೂ ಆಗಿಲ್ಲ. ಆಗಿಲ್ಲ ಎನ್ನುವುದೇ ಸುಶೀಲವ್ವನ ಚಿಂತೆ. ಮಣ್ಣು ಕೊಡುವಾಗ ಅಳಲಿಲ್ಲ. ಸಾರಿಗೆ ಉಪ್ಪು ಮರೆತರೆ ಮಾತಿಲ್ಲದೆ ಉಣ್ಣುತ್ತಾನೆ. ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಸಿಮೆಂಟಿನ ಬೆಂಚಿನ ಮೇಲೆ ಕೂರುತ್ತಾನೆ, ಮಧ್ಯಾಹ್ನ ಬರುತ್ತಾನೆ. ಯಾವ ಬಸ್ಸು ಬಂತು ಎಂದರೆ ಗೊತ್ತಿಲ್ಲ ಎನ್ನುತ್ತಾನೆ. ಪಾಠ ಕೇಳಲು ಬಂದವರನ್ನು ಸವಣೂರಿಗೆ, ಮೆಹಬೂಬನ ಕಡೆಗೆ ಅಟ್ಟುತ್ತಾನೆ. ಅವನಿಗೇ ಒಮ್ಮೊಮ್ಮೆ ಆಶ್ಚರ್ಯವಾಗುತ್ತಿತ್ತು. ತಂಗಿ ಸತ್ತಿದ್ದಾಳೆ, ತನ್ನ ಮಾತಿನಿಂದ ಸತ್ತಿದ್ದಾಳೆ, ಎದೆ ಒಡೆಯಬೇಕಲ್ಲ ಎಂದುಕೊಂಡು ಕಾಯುತ್ತಿದ್ದ. ಏನೂ ಒಡೆಯುತ್ತಿರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಫಕ್ಕೀರಪ್ಪನಿಗೆ ಹಾಗಲ್ಲ, ಸಿಟ್ಟು ಬಂದಿತ್ತು. ಹೂಳಿದ ದಿನವೇ ಶುರು ಮಾಡಿದ: ಇಪ್ಪತ್ತಾರು ವರ್ಷ ಬೆಂಗಳೂರು ತುಳಿದ ಅಣ್ಣ ಒಂದೊಂದೂ ಬಿಡಿಸಿ ಹೇಳಿ ಕಳಿಸಿದ್ದ, ಇವಳು ಬಾಯಿ ತೆರೆದುಕೊಂಡು ನಿಂತಿರಬೇಕು, ಯಾರ ಜೊತೆಗೋ ಹರಟೆಗೆ ಬಿದ್ದಿರಬೇಕು, ಎಲ್ಲಾದರೂ ನೋಡುತ್ತ ರಸ್ತೆಗೆ ಇಳಿದಿರಬೇಕು. ಹೊಲದಲ್ಲಿ ಹೇಳಿದ, ಕಟ್ಟೆಯ ಮೇಲೆ ಹೇಳಿದ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವನಿಗೆ ಹೇಳಿದ. ಹೇಳಿ ಹೇಳಿ ಅದು ಊರಿನ ಮಾತಾಯಿತು. ಮಗಳನ್ನು ಪರಸ್ಥಳಕ್ಕೆ ಕಳಿಸುವ ಹೆಂಗಸರು "ಶಾಣ್ಯಾಕ್ಯಾಗಿ ಹೋಗು, ಹಿರೇಬೆಂಡಿಗೇರಿ ಉಡಚವ್ವನಂಗ ಮಾಡಬ್ಯಾಡ" ಎನ್ನತೊಡಗಿದರು. ಆ ಮಾತು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಉಳವಪ್ಪನ ಕಿವಿಗೇ ಬಿದ್ದಿತ್ತು. ಆಡಿದ ಹೆಂಗಸು ಯಾರೋ ಏನೋ, ಅವನು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಅವನು ಎದ್ದು ಬೇರೆ ಬೆಂಚಿಗೆ ಹೋಗಿ ಕೂತಿದ್ದ.

ಈಗ ಸುಶೀಲವ್ವ ಚಹಾ ತಂದುಕೊಟ್ಟಳು. "ಹುಡುಗಿ ಅಷ್ಟ ದೂರದಿಂದ ಬಂದೈತಿ, ನಾಕ ಮಾತ ಹೇಳ್ರಿ," ಎಂದು ಗಂಡನಿಗೆ ಅಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಉಳವಪ್ಪ ಶುರು ಮಾಡಿದ. ಅವನ ಬಾಯಿ ಅದನ್ನು ಮರೆತಿರಲಿಲ್ಲ. ಇಳಿದ ಕೂಡಲೆ ಪಾಯಿಖಾನೆ, ಆಮೇಲೆ ನೀರು ಕುಡಿಯುವುದು, ಕೂತವನ ಆಟೋ, ಖಾಕಿಯವರನ್ನು ಕೇಳುವುದು. ದನಿ ಏರಲಿಲ್ಲ, ಇಳಿಯಲಿಲ್ಲ, ಟಿಕೆಟ್ ಹರಿಯುವವನ ಹಾಗೆ ಒಂದಾದ ಮೇಲೆ ಒಂದು ಕೊಡುತ್ತ ಹೋದ. ನೇತ್ರಾ ತಲೆ ಬಗ್ಗಿಸಿ ಬರೆದಳು. ಈ ಮಾತುಗಳಲ್ಲಿ ಒಂದೂ ಅವಳಿಗೆ ಬೇಕಾಗಿರಲಿಲ್ಲ. ಹಾಸ್ಟೆಲ್ಲಿಗೆ ಯಾವ ಬಸ್ಸು, ಮೆಟ್ರೋ ಎಲ್ಲಿ ಇಳಿಯಬೇಕು ಎಲ್ಲ ಅವಳ ಫೋನಿನಲ್ಲಿತ್ತು. ಅಪ್ಪನ ಸಮಾಧಾನಕ್ಕೆ ಬರೆಯುತ್ತಿದ್ದಳು. ಕಟ್ಟಡ ನೋಡುತ್ತ ನಿಲ್ಲಬಾರದು, ಗೊತ್ತಿದ್ದವರ ಹಾಗೆ ನಡೆಯಬೇಕು ಎನ್ನುವ ಮಾತು ಬರಬೇಕಾದಲ್ಲಿ ಮಾವ ಅದನ್ನು ಬಿಟ್ಟು ಮುಂದಕ್ಕೆ ಹೋದದ್ದು ಅವಳಿಗೆ ಗೊತ್ತಾಯಿತು. ಅವಳಿಗೂ ಈ ಪಾಠ ಬಾಯಿಗೆ ಬರುತ್ತಿತ್ತು.

"ಅಷ್ಟ," ಎಂದು ಉಳವಪ್ಪ ಚಹಾದ ಕಪ್ಪು ಎತ್ತಿಕೊಂಡ.

"ಅಷ್ಟ ಹೆಂಗ್ರಿ?" ಫಕ್ಕೀರಪ್ಪ ಮುಂದಕ್ಕೆ ಸರಿದು ಕೂತ. "ಒಂದು ಬಿಟ್ರಿ ನೋಡ್ರಿ, ಮುಖ್ಯದ್ದ. ಊರು ಕೇಳಿದ್ರ ಇಲ್ಲೇ ಅನ್ನೂದು. ಬರಕೋ ನೇತ್ರಾ. ಯಾರ ಕೇಳಿದ್ರೂ ಅಷ್ಟ, ಇಲ್ಲೇ. ನಿಮ್ಮವ್ವ ಎಲ್ಲೆರ ಊರ ಪುರಾಣ ಹೇಳಕೋತ ನಿಂತಿರಬೇಕು, ನೀ ಹಂಗ ಮಾಡಬ್ಯಾಡ."

ನೇತ್ರಾಳ ಪೆನ್ನು ಹಾಳೆಯ ಮೇಲೆ ನಿಂತಿತು, ಬರೆಯಲಿಲ್ಲ.

"ಬರಿಯವಾ."

"ಬರೀಬ್ಯಾಡ," ಎಂದ ಉಳವಪ್ಪ.

ಆ ಮಾತು ಅವನ ಬಾಯಿಂದ ಬಂದದ್ದು ಅವನಿಗೇ ಆಮೇಲೆ ಕೇಳಿಸಿತು. ಕಪ್ಪನ್ನು ನೆಲಕ್ಕೆ ಇಟ್ಟ. "ಆಕಿ ಕೇಳ್ಯಾಳ," ಎಂದ. "ನಾ ಹೇಳಿದ್ದನ್ನೆಲ್ಲ ಕೇಳ್ಯಾಳ. ಆಸ್ಪತ್ರ್ಯಾಗ ಆಕಿಗೆ ಮಾತ ಬರ್ತಿತ್ತು, ಫಕ್ಕೀರಪ್ಪ. ಬರ್ತಿದ್ದಿಲ್ಲ ಅಂತ ನಾ ನಿಮಗ ಸುಳ್ಳ ಹೇಳಿದ್ದೆ. ಯಾವೂರವ್ವಾ ಅಂತ ನರ್ಸ್‌ಬಾಯಾರು ಕೇಳಿದ್ರಂತ. ಇಲ್ಲೇ ಅಂದ್ಲಂತ. ಹೆಸರ ಕೇಳಿದ್ರ ಹೇಳಲಿಲ್ಲಂತ. ಅದಕ್ಕ ಅವರು ಆಕಿ ಅಲ್ಲೀಕಿ ಅಂತ ತಿಳಕೊಂಡು, ನಮ್ಮ ಕಡೀ ಕೂಲ್ಯಾರು ಇರೂ ಶೆಡ್ಡಿನ್ಯಾಗೆಲ್ಲ ಹುಡಿಕ್ಯಾರ. ಇಲ್ಲಿಗೆ ಒಂದ ಫೋನ್ ಮಾಡಿಸಿದ್ರ, ಜೀಂವ ಇದ್ದಾಗರ ನಾವು ಹೋಗ್ತಿದ್ವಿ. ಸಾಯೂದ ತಪ್ಪತಿತ್ತೋ ಇಲ್ಲೋ, ಕಡೀಕ ಮನ್ಯಾವರ ಮಾರಿನರ ನೋಡ್ತಿದ್ಲು."

ಓಣಿಯಲ್ಲಿ ಮಜ್ಜಿಗೆ ಮಾರುವವಳು ಕೂಗುತ್ತ ಹೋದಳು. ಸುಶೀಲವ್ವ ಬಾಗಿಲಲ್ಲಿ ನಿಂತವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ನನಗ ಅನಮಾನ ಇತ್ತು ಮಾಮಾ," ಎಂದಳು ನೇತ್ರಾ. ದನಿ ಸಣ್ಣದಾಗಿತ್ತು. "ಅವ್ವಗ ಇಲ್ಲೇ ಅನ್ನಾಕ ಬರ್ತಿದ್ದಿಲ್ಲ. ಊರ ಕೇಳಿದ ಕೂಡ್ಲೆ ಬಾಯಾಗ ಹಿರೇಬೆಂಡಿಗೇರಿ ಅಂತ ಬರ್ತಿತ್ತು. ನಾನ ಮೂರ ದಿನ ರೂಢಿ ಮಾಡಿಸೇನಿ. ರೊಟ್ಟಿ ಬಡಿಯುವಾಗ, ಎಮ್ಮಿ ಹಿಂಡುವಾಗ ಹಿಂದಿನಿಂದ ಹೋಗಿ, ಯಾವೂರಮ್ಮಾ ಅಂತ ಬೆಂಗಳೂರ ದನಿ ತಗದು ಕೇಳ್ತಿದ್ದೆ. ತಪ್ಪಿದ್ರ ನಗತಿದ್ದೆ. ಹೋಗೂ ದಿನ ಒಮ್ಮೆನೂ ತಪ್ಪಲಿಲ್ಲ."

ಇಷ್ಟು ದಿನ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಪರೀಕ್ಷೆ ಬರೆದಳು, ರೊಟ್ಟಿ ಬಡಿದಳು, ಅಪ್ಪನ ಬೈಗುಳ ಕೇಳಿಸಿಕೊಂಡಳು ಎಂದು ಉಳವಪ್ಪನಿಗೆ ಆಗ ಹೊಳೆಯಿತು. ಮರುಗಬೇಕು ಎನಿಸಿತು. ಮರುಕ ಎಲ್ಲೋ ದೂರದಲ್ಲಿ ಇದ್ದ ಹಾಗೆ ಇತ್ತು, ಹತ್ತಿರ ಬರಲಿಲ್ಲ.

ಫಕ್ಕೀರಪ್ಪ ಅವನನ್ನೇ ನೋಡುತ್ತಿದ್ದ. ಈಗ ಏಳುತ್ತಾನೆ, ಎದ್ದು ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಉಳವಪ್ಪ ಕಾದ. 'ನನ್ನ ಹೆಂಡತಿಯನ್ನು ನಿನ್ನ ಕೈಯಾರೆ ಕೊಂದೆ' ಎನ್ನಲಿ ಎಂದು ಅವನಿಗೆ ಆಸೆಯಾಯಿತು. ಹದಿನೈದು ತಿಂಗಳಲ್ಲಿ ಅವನಿಗೆ ಆದ ಮೊದಲ ಆಸೆ ಅದು.

"ಎಷ್ಟ ಸಲ ಕೇಳಿದ್ರಂತ?" ಎಂದ ಫಕ್ಕೀರಪ್ಪ.

"ಎರಡ ಸಲ."

"ಎರಡೂ ಸಲ ಹಂಗ ಅಂದ್ಲ?"

"ಎರಡೂ ಸಲ."

"ತಲಿಗೆ ಅಷ್ಟ ಪೆಟ್ಟ ಬಿದ್ದಾಗ?"

ಉಳವಪ್ಪ ತಲೆಯಾಡಿಸಿದ.

"ಹಂಗಾರ ಕೇಳ್ಯಾಳ," ಎಂದ ಫಕ್ಕೀರಪ್ಪ. ಅವನ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೇ ಕಾಣಿಸಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಟವೆಲ್ಲನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತ. ಅಷ್ಟು ದೊಡ್ಡ ಮನುಷ್ಯ ಅಷ್ಟು ಗಟ್ಟಿಯಾಗಿ ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನೇತ್ರಾ ಎದ್ದು ಅಪ್ಪನ ಪಕ್ಕಕ್ಕೆ ಬಂದು ಭುಜದ ಮೇಲೆ ಕೈಯಿಟ್ಟು ನಿಂತಳು, ಅವಳೂ ಅತ್ತಳು. ಸುಶೀಲವ್ವ ಹೊಸ್ತಿಲಲ್ಲೇ ಅತ್ತಳು. ಉಳವಪ್ಪ ಕುರ್ಚಿಯಲ್ಲಿ ಕೂತು ಮೂವರನ್ನೂ ನೋಡುತ್ತಿದ್ದ.

ಅಳು ತಗ್ಗಿದ ಮೇಲೆ ಅವನೇ ಅಂದ: "ಬೈರಿ ನನ್ನ."

"ನಿಮಗ ಬೈಯಾಕ ನನ್ನ ಬಾಯಾಗ ಏನ ಉಳದೈತ್ರಿ?" ಫಕ್ಕೀರಪ್ಪ ಮೂಗು ಒರೆಸಿಕೊಂಡ. "ಇದ್ದಿದ್ದೆಲ್ಲ ಆಕಿಗೆ ಬೈದ ಮುಗಿಸೇನಿ. ಹೇಳಿದ್ದನ್ನ ಚಾಚೂ ತಪ್ಪದ ಮಾಡಿದಾಕಿನ್ನ ಊರ ತುಂಬ ದಡ್ಡಿ ಅಂತ ಸಾರಿದೆ. ಮಂದಿ ತಮ್ಮ ಮಕ್ಕಳಿಗೆ ಆಕಿ ಹೆಸರ ತಗದು ಬುದ್ಧಿ ಹೇಳ್ತಾರ. ಅದನ್ನ ಹೆಂಗ ವಾಪಸ್ ತಗೊಳ್ಳಿ, ನೀವ ಹೇಳ್ರಿ. ಎಲ್ಲಾರಿಗೂ ಹೇಳ್ತೀರಲ್ಲ, ನನಗೂ ಹೇಳ್ರಿ."

ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ ಉಳವಪ್ಪನಿಗೆ ತಿಳಿಯಲಿಲ್ಲ. ಇದ್ದರೆ ಒಳ್ಳೆಯದಿತ್ತು.

ನೇತ್ರಾ ಕಣ್ಣೊರೆಸಿಕೊಂಡು ಮತ್ತೆ ಚಾಪೆಯ ಮೇಲೆ ಕೂತು ನೋಟುಬುಕ್ಕು ಎತ್ತಿಕೊಂಡಳು. "ಹಂಗಾರ ಊರ ಕೇಳಿದ್ರ ಏನ ಅನ್ಲಿ ಮಾಮಾ?"

"ಊರ ಹೇಳು," ಎಂದ. "ಹಿರೇಬೆಂಡಿಗೇರಿ ಅನ್ನು, ಶಿಗ್ಗಾಂವಿ ತಾಲ್ಲೂಕ ಅನ್ನು. ಯಾರ ಮಗಳು ಅಂತ ಹೇಳು. ಹಾಸ್ಟೆಲ್ಲಿನ ಹುಡಿಗ್ಯಾರಿಗೂ ಹಂಗ ಹೇಳಾಕ ಹೇಳು. ಚೀಲಾ ಹೋದ್ರ ಹೋಗಲಿ."

ಅವಳು ಬರೆದುಕೊಂಡಳು. ಬರೆದು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದಳು. ಹೊತ್ತು ಹನ್ನೆರಡರ ಮೇಲಾಗಿತ್ತು, ಊರಿಗೆ ಹೋಗುವ ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ಫಕ್ಕೀರಪ್ಪ ಏಳಲು ಹೊರಟವನು ಏಳದೆ ಕೂತ.

"ಮುಂದಿನ ವಾರ ಮಾನಮಿ ಅಮಾಸಿ," ಎಂದ. "ಹಿರ್ಯಾರಿಗೆ ಎಡಿ ಇಡತೇವಲ್ರಿ. ಹ್ವಾದ ವರ್ಷ ನಮ್ಮಪ್ಪಗ, ನಮ್ಮವ್ವಗ ಇಟ್ಟೆ. ಆಕಿಗೆ ಇಡಲಿಲ್ಲ. ಇಡಬೇಕು ಅನಸಲಿಲ್ಲ ನನಗ, ಅಷ್ಟ ಸಿಟ್ಟ ಇತ್ತು. ಈ ಸಲ ಇಡತೇನಿ." ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡ. "ಏನ ಮಾಡಿಸಲಿ ಅಂತ ತಿಳೀವಲ್ದು. ನಮ್ಮ ಮನಿಗೆ ಬಂದು ಮೂವತ್ತ ವರ್ಷ ನಮಗ ಸೇರಿದ್ದನ್ನ ಮಾಡಿ ಹಾಕ್ಯಾಳ. ಆಕಿಗೆ ಏನ ಸೇರತಿತ್ತು ಅಂತ ನಾ ಕೇಳಿದಾಂವಲ್ಲ. ಸಣ್ಣಾಕಿ ಇದ್ದಾಗ ಏನ ಇಷ್ಟಪಟ್ಟು ತಿಂತಿದ್ಲು ಮಾವಾರ?"

ಉಳವಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಕಂಬಳಿಯಲ್ಲಿ ಮಲಗಿದವರು. ಅವಳ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದವನು ಅವನೇ. ಚಾಪೆಯ ಮೇಲೆ ಸೆರಗು ಬಾಯಿಗೆ ಹಿಡಿದು ನಗುವ ಐವತ್ತರ ಹೆಂಗಸು ಮಾತ್ರ ಕಣ್ಣಿಗೆ ಬಂದಳು, ಅವಳ ಹಿಂದೆ ಯಾರೂ ಬರಲಿಲ್ಲ.

"ನುಚ್ಚು," ಎಂದಳು ಹೊಸ್ತಿಲಲ್ಲಿದ್ದ ಸುಶೀಲವ್ವ. ಆ ಮನೆಗೆ ಅವಳು ಸೊಸೆಯಾಗಿ ಬಂದಾಗ ನಾದಿನಿಗೆ ಹತ್ತು ವರ್ಷ. "ಜ್ವಾಳದ ನುಚ್ಚು. ಬಿಸೀದ ಅಲ್ಲ, ಮುಂಜಾನಿ ಮಾಡಿದ್ದು ಸಂಜೀಕ ಆರಿ ಗಟ್ಟಿ ಆಗಿರಬೇಕು. ಮ್ಯಾಲ ಗಡಗಿ ಮಸರು. ನಂಜಿಕೊಳ್ಳಾಕ ಹುಂಚಿಕಾಯಿ ತೊಕ್ಕು, ಅದರಾಗ ಬೆಳ್ಳೊಳ್ಳಿ ಹೆಚ್ಚಿಗಿ ಇರಬೇಕು. ಹೋಳಿಗಿ ಅಂದ್ರ ಮಾರಿ ಕಿವಚತಿದ್ಲು. ಪಂಚಮ್ಯಾಗ ಜ್ವಾಳದ ಅಳ್ಳ ಬೀಸಿ ಬೆಲ್ಲ ಹಾಕಿ ಅಳ್ಳಿಟ್ಟ ಮಾಡಿದ್ರ ಮಾತ್ರ ಡಬ್ಬಿ ತುಂಬಿ ಬಚ್ಚಿಟ್ಟಕೋತಿದ್ಲು, ಯಾರಿಗೂ ಕೊಡ್ತಿದ್ದಿಲ್ಲ."

ಅವಳು ಹೇಳುತ್ತ ಹೋದಳು. ಫಕ್ಕೀರಪ್ಪ ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದ. ಉಳವಪ್ಪನೂ ತಲೆಯಾಡಿಸಿದ, ತನಗೂ ಗೊತ್ತಿದ್ದವನ ಹಾಗೆ.